ಶನಿ ನಿಧಾನಿಯಲ್ಲ, ಶುಕ್ರ ಅವಸರಗಾರನಲ್ಲ

ಶನಿ ಎಂದರೆ ನಿಧಾನ. ‘ಶನೈಶ್ಚರ’ ಎಂಬ ಹೆಸರಿನ ಅರ್ಥವೇ ಮೆಲ್ಲಮೆಲ್ಲನೆ ನಡೆಯುವವನು ಎಂದು. ಒಂದೊಂದು ರಾಶಿಯಲ್ಲಿ ಎರಡೂವರೆ ವರ್ಷ ಠಿಕಾಣಿ ಹೂಡಿ, ಮೂರು ರಾಶಿ ದಾಟುವಷ್ಟರಲ್ಲಿ ಏಳೂವರೆ ವರ್ಷ ಕಳೆಯುವ ಈ ಗ್ರಹಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು, ಅವರು ಆಕಾಶದಲ್ಲಿ ಕಂಡದ್ದಕ್ಕೆ ಸರಿಯಾಗಿಯೇ ಇದೆ. ಸೂರ್ಯನನ್ನು ಒಂದು ಸುತ್ತು ಬರಲು ಶನಿಗೆ ಸುಮಾರು 29.5 ವರ್ಷ ಬೇಕು. ಆದರೆ ತನ್ನ ಸುತ್ತ ತಾನೇ ತಿರುಗುವುದರಲ್ಲಿ ಇದೇ ಶನಿ ಮಹಾ ಚುರುಕು. ಅಲ್ಲಿ ಹತ್ತೂವರೆ ಗಂಟೆಗೆಲ್ಲ ಒಂದು ದಿನ ಮುಗಿದುಹೋಗುತ್ತದೆ! ಇತ್ತ ಸಂಜೆಯೋ ಮುಂಜಾನೆಯೋ ಥಳಥಳಿಸುತ್ತ, ಆಕಾಶದಲ್ಲಿ ಬೇಗ ಬೇಗ ಜಾಗ ಬದಲಿಸುವ ಶುಕ್ರಗ್ರಹ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು ನಮ್ಮ 243 ದಿನಗಳನ್ನು ತೆಗೆದುಕೊಳ್ಳುತ್ತದೆ. ಎಂಟು ಗ್ರಹಗಳಲ್ಲಿ ಅದರಷ್ಟು ಸೋಮಾರಿ ಮತ್ತೊಂದಿಲ್ಲ.

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಗ್ರಹಗಳ ಒಂದು ಪಟ್ಟಿ ಇರುತ್ತದೆ. ಒಂದು ಸಾಲಿನಲ್ಲಿ ಗ್ರಹದ ವ್ಯಾಸ, ಇನ್ನೊಂದರಲ್ಲಿ ಅದರ ಅಕ್ಷಭ್ರಮಣದ ಅವಧಿ. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತಾರೆ. ಒಂದೇ ಪುಟದಲ್ಲಿ ಅಕ್ಕಪಕ್ಕ ಕುಳಿತ ಈ ಎರಡು ಸಾಲುಗಳ ಹಿಂದಿನ ಚರಿತ್ರೆ ಮಾತ್ರ ಒಂದೇ ತೆರನಾದುದಲ್ಲ. ಆಗ ಗೊತ್ತಿದ್ದ ಗ್ರಹಗಳ ಗಾತ್ರದ ಲೆಕ್ಕ 18ನೇ ಶತಮಾನ ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ಕೈಗೆ ಬಂದಿತ್ತು. ದಿನದ ಲೆಕ್ಕ ಹಾಗಲ್ಲ. ಬುಧನ ದಿನ ಎಷ್ಟು ಉದ್ದ ಎಂಬುದು ಸರಿಯಾಗಿ ತಿಳಿದದ್ದು 1965ರಲ್ಲಿ. ಶನಿಯ ದಿನದ ಉತ್ತರ 2019ರವರೆಗೂ ಬದಲಾಗುತ್ತಲೇ ಇತ್ತು. ಯುರೇನಸ್‌ನ ದಿನವನ್ನು 2025ರಲ್ಲಿ ಮತ್ತೊಮ್ಮೆ ತಿದ್ದಲಾಯಿತು.

ಇದು ಹೀಗೇಕೆ? ಗಾತ್ರ ಅಳೆಯಲು ಒಂದು ಕೋನ ಮತ್ತು ಒಂದು ದೂರ ತಿಳಿದರೆ ಸಾಕು. ದಿನವನ್ನು ಅಳೆಯಬೇಕಾದರೆ ಗ್ರಹದ ಮೈಮೇಲೆ ಒಂದು ಗುರುತು ಬೇಕು. ಬುಗುರಿಯ ಮೇಲೆ ಬಣ್ಣದ ಚುಕ್ಕೆ ಇದ್ದರೆ ಸುತ್ತು ಎಣಿಸಬಹುದು. ಚುಕ್ಕೆಯೇ ಇಲ್ಲದ ನುಣುಪಾದ ಬುಗುರಿ ತಿರುಗುತ್ತಿದೆಯೋ ನಿಂತಿದೆಯೋ ಹೇಳುವುದು ಕಷ್ಟ. ಗುರುತು ಕಾಣದ ಕಡೆ ಬರಿಗಣ್ಣಿಗೂ ದೂರದರ್ಶಕಕ್ಕೂ ಆದ ಮೋಸ ಸಣ್ಣದಲ್ಲ.

ಕಣ್ಣಿಗೆ ದೊಡ್ಡದು, ಅಳತೆಗೆ ಚಿಕ್ಕದು

ಮೊದಲು ಗಾತ್ರದ ಮಾತು. ದೂರದರ್ಶಕ ಬರುವ ಮುಂಚೆ ಗ್ರಹಗಳ ಅಗಲವನ್ನು ಬರಿಗಣ್ಣಿನಿಂದಲೇ ಅಂದಾಜು ಮಾಡಬೇಕಿತ್ತು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಟಾಲೆಮಿ ಹಾಕಿದ ಲೆಕ್ಕದಲ್ಲಿ ಶುಕ್ರನ ವ್ಯಾಸ ಭೂಮಿಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮಂಗಳ ಭೂಮಿಗಿಂತ ತುಸು ದೊಡ್ಡದು. ಗುರು, ಶನಿಗಳು ಭೂಮಿಯ ನಾಲ್ಕು ಪಟ್ಟಿಗಿಂತ ಕೊಂಚ ಹೆಚ್ಚು. ಇದರಲ್ಲಿ ಒಂದೂ ಸರಿಯಿಲ್ಲ. ದೂರಗಳ ಲೆಕ್ಕ ತಪ್ಪಿದ್ದು ಒಂದು ಕಾರಣವಾದರೆ, ಕಣ್ಣೇ ಮೋಸ ಮಾಡಿದ್ದು ಇನ್ನೊಂದು ಕಾರಣ. ಕತ್ತಲಲ್ಲಿ ದೂರದ ಬೀದಿದೀಪ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವ ಹಾಗೆ, ಪ್ರಕಾಶಮಾನವಾದ ಗ್ರಹದ ಬೆಳಕು ಕಣ್ಣಿನಲ್ಲಿ ಹರಡಿಕೊಂಡು ಬಿಂಬವನ್ನು ಹಿಗ್ಗಿಸುತ್ತದೆ.

ಈ ಭ್ರಮೆ ಒಡೆದದ್ದು 1631ರ ನವೆಂಬರ್ 7ರಂದು. ಅಂದು ಬುಧಗ್ರಹ ಸೂರ್ಯಬಿಂಬದ ಮುಂದೆ ಹಾದುಹೋಗುತ್ತದೆ ಎಂದು ಕೆಪ್ಲರ್ ಮೊದಲೇ ಗಣಿತ ಹಾಕಿ ಹೇಳಿದ್ದ. ಅದನ್ನು ನೋಡಲು ಅವನೇ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದ. ಪ್ಯಾರಿಸ್ಸಿನಲ್ಲಿ ಪಿಯೆರ್ ಗಾಸೆಂಡಿ ಎಂಬಾತ ದೂರದರ್ಶಕದ ಮೂಲಕ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಾದು ಕುಳಿತ. ಕಂಡದ್ದು ಒಂದು ಪುಟ್ಟ ಕಪ್ಪು ಚುಕ್ಕೆ. ಇಷ್ಟು ಚಿಕ್ಕದು ಬುಧ ಆಗಿರಲಾರದು, ಯಾವುದೋ ಸೂರ್ಯಕಲೆ ಇರಬೇಕು ಎಂದೇ ಆತ ಮೊದಲು ತಿಳಿದ. ಆದರೆ ಚುಕ್ಕೆ ಸರಸರನೆ ಸರಿಯತೊಡಗಿದಾಗ ಅದು ಬುಧವೇ ಎಂದು ಒಪ್ಪದೆ ವಿಧಿಯಿರಲಿಲ್ಲ. ಅದರ ಅಗಲ ಸೂರ್ಯಬಿಂಬದ ನೂರನೆಯ ಒಂದು ಪಾಲಿನಷ್ಟು ಮಾತ್ರ ಎಂದು ಗಾಸೆಂಡಿ ಕಂಡುಕೊಂಡ. ನಿಜವಾದ ಅಳತೆ ಅದಕ್ಕಿಂತಲೂ ಕಡಿಮೆ.

ಎಂಟು ವರ್ಷಗಳ ನಂತರ, 1639ರ ಡಿಸೆಂಬರ್ 4ರಂದು, ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಜೆರೆಮಿಯಾ ಹೊರಾಕ್ಸ್ ಎಂಬ ಸುಮಾರು 21 ವರ್ಷದ ತರುಣ ಇದೇ ಉಪಾಯದಿಂದ ಶುಕ್ರ ಸಂಕ್ರಮಣವನ್ನು ನೋಡಿದ. ಜಗತ್ತಿನಲ್ಲಿ ಆ ದಿನ ಅದನ್ನು ಕಂಡು ದಾಖಲಿಸಿದವರು ಅವನು ಮತ್ತು ಅವನ ಗೆಳೆಯ ವಿಲಿಯಂ ಕ್ರ್ಯಾಬ್‌ಟ್ರೀ, ಇಬ್ಬರೇ. ಶುಕ್ರನ ಬಿಂಬವೂ ಪಂಡಿತರು ಹೇಳುತ್ತಿದ್ದುದರ ಅರ್ಧಕ್ಕಿಂತ ಕಡಿಮೆ ಇತ್ತು. ಆ ಪ್ರತಿಭಾವಂತ 1641ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ.

ಕೋನ ಸಿಕ್ಕಿತು, ಇನ್ನು ದೂರ ಬೇಕು. ಕಣ್ಣಿಗೆ ಅಂಗೈಯಗಲ ಕಾಣುವ ವಸ್ತು ಹತ್ತಿರದ ತಟ್ಟೆಯೂ ಆಗಿರಬಹುದು, ದೂರದ ಕೆರೆಯೂ ಆಗಿರಬಹುದು. 1672ರಲ್ಲಿ ಮಂಗಳ ಭೂಮಿಗೆ ಸಮೀಪ ಬಂದಾಗ ಪ್ಯಾರಿಸ್ಸಿನಿಂದ ಜಿಯೊವಾನಿ ಕ್ಯಾಸಿನಿ, ದಕ್ಷಿಣ ಅಮೆರಿಕದ ಕಯೆನ್‌ನಿಂದ ಜಾನ್ ರಿಶೆ ಏಕಕಾಲಕ್ಕೆ ಅದರ ಸ್ಥಾನ ಗುರುತಿಸಿದರು. ಎರಡು ದೂರದ ಊರುಗಳಿಂದ ನೋಡಿದಾಗ ನಕ್ಷತ್ರಗಳ ಹಿನ್ನೆಲೆಯಲ್ಲಿ ಗ್ರಹದ ಜಾಗ ಕೂದಲೆಳೆಯಷ್ಟು ಬದಲಾಗುತ್ತದೆ. ಆ ವ್ಯತ್ಯಾಸದಿಂದ ಮಂಗಳನ ದೂರವನ್ನೂ, ಅದರಿಂದ ಸೂರ್ಯನ ದೂರವನ್ನೂ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸುಮಾರು 14 ಕೋಟಿ ಕಿ.ಮೀ. ಇಂದಿನ ಲೆಕ್ಕ 14.96 ಕೋಟಿ ಕಿ.ಮೀ. 1761 ಮತ್ತು 1769ರ ಶುಕ್ರ ಸಂಕ್ರಮಣಗಳಲ್ಲಿ ಯುರೋಪಿನ ದೇಶಗಳು ಭೂಮಿಯ ಮೂಲೆಮೂಲೆಗೆ ವೀಕ್ಷಕರನ್ನು ಕಳಿಸಿ ಈ ಅಂಕಿಯನ್ನು ಇನ್ನಷ್ಟು ತಿದ್ದಿದವು.

ಮುಂದಿನ ಶುಕ್ರ ಸಂಕ್ರಮಣ 1874ರ ಡಿಸೆಂಬರ್ 9ರಂದು ಭಾರತದಲ್ಲೂ ಕಾಣುವಂತಿತ್ತು. ಆಗ ಮದರಾಸು ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಜನಸಾಮಾನ್ಯರಿಗಾಗಿ ಆ ವಿದ್ಯಮಾನವನ್ನು ವಿವರಿಸುವ ಪುಸ್ತಿಕೆ ಬರೆದರು. ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರಬಂತು. ಕನ್ನಡದಲ್ಲಿ ಜನಪ್ರಿಯ ವಿಜ್ಞಾನ ಸಾಹಿತ್ಯ ಇತ್ತೀಚಿನದು ಎಂದು ತಿಳಿದವರು ಈ ಇಸವಿಯನ್ನು ನೆನಪಿಡಬೇಕು.

ಭೂಮಿ ನಿಂಬೆಹಣ್ಣಾದರೆ

ಈ ಎಲ್ಲ ಪರಿಶ್ರಮದ ಫಲವಾಗಿ ಇಂದು ನಮಗೆ ತಿಳಿದಿರುವ ಅಳತೆಗಳು ಇವು. ಸಮಭಾಜಕದ ಬಳಿ ಭೂಮಿಯ ವ್ಯಾಸ 12,756 ಕಿ.ಮೀ. ಶುಕ್ರ 12,104 ಕಿ.ಮೀ., ಮಂಗಳ 6,792 ಕಿ.ಮೀ., ಬುಧ 4,879 ಕಿ.ಮೀ. ಇವು ಚಿಕ್ಕ ಮನೆತನದವು. ದೊಡ್ಡ ಮನೆತನದಲ್ಲಿ ಗುರು 1,42,984 ಕಿ.ಮೀ., ಶನಿ 1,20,536 ಕಿ.ಮೀ., ಯುರೇನಸ್ 51,118 ಕಿ.ಮೀ., ನೆಪ್ಚೂನ್ 49,528 ಕಿ.ಮೀ.

ಅಂಕಿಗಳು ತಲೆಯಲ್ಲಿ ನಿಲ್ಲುವುದಿಲ್ಲ. ಭೂಮಿಯನ್ನು ನಾಲ್ಕು ಸೆಂಟಿಮೀಟರ್ ಅಗಲದ ಒಂದು ನಿಂಬೆಹಣ್ಣು ಎಂದುಕೊಳ್ಳಿ. ಶುಕ್ರ ಅದೇ ಬುಟ್ಟಿಯ, ತುಸು ಸಣ್ಣ ಇನ್ನೊಂದು ನಿಂಬೆಹಣ್ಣು. ಮಂಗಳ ಒಂದು ನೆಲ್ಲಿಕಾಯಿ. ಬುಧ ಮಕ್ಕಳಾಡುವ ಗೋಲಿ. ಯುರೇನಸ್, ನೆಪ್ಚೂನ್‌ಗಳು ಸುಲಿಯದ ಎರಡು ತೆಂಗಿನಕಾಯಿಗಳು. ಶನಿ ಒಂದೂಕಾಲು ಅಡಿ ಅಗಲದ ಕುಂಬಳಕಾಯಿ. ಗುರು ಒಂದೂವರೆ ಅಡಿಯ ಇನ್ನೂ ದೊಡ್ಡ ಕುಂಬಳ. ಗುರುವಿನ ಹೊಟ್ಟೆಯಲ್ಲಿ ಸುಮಾರು 1,300 ಭೂಮಿಗಳ ಗಾತ್ರ ಅಡಗುತ್ತದೆ. ಹಾಗಾದರೆ ಸೂರ್ಯ? ನಾಲ್ಕು ಮೀಟರಿಗೂ ಮಿಕ್ಕಿದ ಚೆಂಡು. ಸಾಧಾರಣ ಮನೆಯ ಬಾಗಿಲಲ್ಲಿ ತೂರುವುದಿಲ್ಲ.

ಗಾತ್ರ ಅಳೆಯುವ ಕೆಲಸ 20ನೇ ಶತಮಾನದಲ್ಲೂ ಮುಂದುವರಿಯಿತು. ಗ್ರಹವೊಂದು ನಕ್ಷತ್ರವನ್ನು ಮರೆಮಾಡುವ ಅವಧಿಯಿಂದ ಗ್ರಹದ ಅಗಲ ತಿಳಿಯುತ್ತದೆ. 1977ರ ಮಾರ್ಚ್ 10ರಂದು ಯುರೇನಸ್ ಹೀಗೆ ಒಂದು ನಕ್ಷತ್ರದ ಮುಂದೆ ಬಂದಾಗ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ತಮಿಳುನಾಡಿನ ಕಾವಲೂರಿನಿಂದ ನೋಡುತ್ತಿದ್ದರು. ಯುರೇನಸ್ ಹತ್ತಿರ ಬರುವ ಮೊದಲೇ ನಕ್ಷತ್ರದ ಬೆಳಕು ಮಿಣುಕಿತು. ಅಂದು ಅಮೆರಿಕದ ವಿಮಾನ ವೀಕ್ಷಣಾಲಯವೂ ಇದನ್ನೇ ಕಂಡು, ಯುರೇನಸ್‌ಗೂ ಬಳೆಗಳಿವೆ ಎಂಬುದು ಲೋಕಕ್ಕೆ ತಿಳಿಯಿತು. ಗ್ರಹದ ಅಗಲ ಅಳೆಯಲು ಹೊರಟವರಿಗೆ ಸಿಕ್ಕಿದ ಬಹುಮಾನ ಅದು.

ದಿನ ಎಂದರೆ ಯಾವ ದಿನ?

ಇನ್ನು ತಿರುಗಾಟದ ಕಥೆ. ಅದಕ್ಕೆ ಮೊದಲು ‘ದಿನ’ ಎಂದರೇನು ಎಂಬ ಪ್ರಶ್ನೆ ಬಗೆಹರಿಯಬೇಕು. ನಮ್ಮ ಪ್ರಾಚೀನ ಜ್ಯೋತಿಶ್ಶಾಸ್ತ್ರ ಇದಕ್ಕೆ ಎರಡು ಹೆಸರು ಇಟ್ಟಿದೆ. ಒಂದು ನಕ್ಷತ್ರ ಅದೇ ಜಾಗಕ್ಕೆ ಮರಳಿ ಬರಲು ಹಿಡಿಯುವ ಕಾಲ ನಾಕ್ಷತ್ರ ದಿನ. ಒಂದು ಸೂರ್ಯೋದಯದಿಂದ ಮರು ಸೂರ್ಯೋದಯದವರೆಗಿನ ಕಾಲ ಸಾವನ ದಿನ. ಭೂಮಿ ತಿರುಗುವ ಜೊತೆಗೆ ಸೂರ್ಯನ ಸುತ್ತಲೂ ಮುಂದೆ ಸಾಗುವುದರಿಂದ, ಸೂರ್ಯ ಮತ್ತೆ ಎದುರಾಗಲು ಅದು ಸುಮಾರು ನಾಲ್ಕು ನಿಮಿಷ ಹೆಚ್ಚು ತಿರುಗಬೇಕು. ಗ್ರಹದ ನಿಜವಾದ ಒಂದು ಸುತ್ತು ಎಂದರೆ ನಾಕ್ಷತ್ರ ದಿನವೇ.

ಕ್ರಿ.ಶ. 499ರಲ್ಲಿ ರಚಿತವಾದ ‘ಆರ್ಯಭಟೀಯ’ದಲ್ಲಿ 43,20,000 ವರ್ಷಗಳ ಒಂದು ಮಹಾಯುಗಕ್ಕೆ ಭೂಮಿಯ ಸುತ್ತುಗಳು 158,22,37,500 ಎಂಬ ಲೆಕ್ಕವಿದೆ. ಭಾಗಿಸಿ ನೋಡಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ. ಇಂದಿನ ಪರಮಾಣು ಗಡಿಯಾರಗಳು ಹೇಳುವುದೂ ಬಹುತೇಕ ಇದನ್ನೇ. ಅಂಕಿಗಿಂತ ಮುಖ್ಯವಾದದ್ದು, ಆರ್ಯಭಟ ಅದನ್ನು ಭೂಮಿಯ ಸುತ್ತು ಎಂದು ಕರೆದದ್ದು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವ ಹಾಗೆ, ತಿರುಗುವ ಭೂಮಿಯ ಮೇಲಿನವರಿಗೆ ನಿಶ್ಚಲ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಕಾಣುತ್ತವೆ ಎಂಬುದು ಅವನ ವಿವರಣೆ.

ಅದನ್ನು ಎಲ್ಲರೂ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಹಾರಿಹೋದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಎಂದು ವರಾಹಮಿಹಿರ ಕೇಳಿದ. ಎತ್ತರದ ವಸ್ತುಗಳು ಏಕೆ ಉರುಳಿ ಬೀಳುವುದಿಲ್ಲ ಎಂದು ಬ್ರಹ್ಮಗುಪ್ತ ಕೇಳಿದ. ಇವು ಆ ಕಾಲಕ್ಕೆ ಅವಿವೇಕದ ಪ್ರಶ್ನೆಗಳಲ್ಲ. ಗಾಳಿಯೂ ಹಕ್ಕಿಯೂ ಭೂಮಿಯ ಜೊತೆಗೇ ತಿರುಗುತ್ತವೆ ಎಂಬ ಉತ್ತರವನ್ನು ಗಟ್ಟಿಮಾಡಿದ ಚಲನೆಯ ನಿಯಮಗಳು ಬರಲು ಇನ್ನೂ ಸಾವಿರ ವರ್ಷ ಬೇಕಿತ್ತು. ಭೂಮಿ ತಿರುಗುವುದನ್ನು ಕಣ್ಣೆದುರು ತೋರಿಸಿದ್ದು 1851ರಲ್ಲಿ, ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದಲ್ಲಿ ತೂಗುಬಿಟ್ಟ ಫುಕೋನ ಲೋಲಕ.

ಗುರುತು ಸಿಕ್ಕಿದ ಗ್ರಹಗಳು

ಪರಗ್ರಹಗಳ ದಿನ ಅಳೆಯುವ ಕೆಲಸ ಮೊದಲು ಸುಲಭವಾಗಿಯೇ ಶುರುವಾಯಿತು. 1659ರ ನವೆಂಬರ್ 28ರಂದು ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್ ಮಂಗಳನ ಮೇಲೆ ಒಂದು ಕಪ್ಪು ಪಟ್ಟೆಯನ್ನು ಕಂಡು ಚಿತ್ರ ಬರೆದ. ಮುಂದಿನ ರಾತ್ರಿಗಳಲ್ಲಿ ಸುಮಾರು ಅದೇ ಹೊತ್ತಿಗೆ ಅದು ಅಲ್ಲೇ ಕಂಡದ್ದರಿಂದ ಮಂಗಳನ ದಿನವೂ 24 ಗಂಟೆಯ ಆಸುಪಾಸಿನದು ಎಂದು ಊಹಿಸಿದ. 1666ರಲ್ಲಿ ಕ್ಯಾಸಿನಿ ಅದನ್ನು 24 ಗಂಟೆ 40 ನಿಮಿಷ ಎಂದು ಅಳೆದ. ನಿಜವಾದ ಅವಧಿ 24 ಗಂಟೆ 37 ನಿಮಿಷ; ವ್ಯತ್ಯಾಸ ಮೂರೇ ನಿಮಿಷ. ಅದಕ್ಕೂ ಒಂದು ವರ್ಷ ಮೊದಲು ಗುರುವಿನ ಮೇಲಿನ ಕಲೆಯೊಂದನ್ನು ಹಿಂಬಾಲಿಸಿ ಅದರ ದಿನ 9 ಗಂಟೆ 56 ನಿಮಿಷ ಎಂದಿದ್ದ. ಅದೂ ಬಹುತೇಕ ಸರಿ.

ಎಲ್ಲಕ್ಕಿಂತ ದೊಡ್ಡ ಗ್ರಹವೇ ಎಲ್ಲಕ್ಕಿಂತ ವೇಗವಾಗಿ ತಿರುಗುತ್ತದೆ ಎಂಬುದು ಸೋಜಿಗ. ಭೂಮಿಯ ಸಮಭಾಜಕದಲ್ಲಿ ನಿಂತವನು ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತಾನೆ. ಗುರುವಿನ ಸಮಭಾಜಕದ ಮೋಡಗಳ ವೇಗ ಗಂಟೆಗೆ ಸುಮಾರು 45,000 ಕಿ.ಮೀ.! ಇಷ್ಟು ರಭಸಕ್ಕೆ ಗುರುವಿನ ಸೊಂಟ ಉಬ್ಬಿದೆ. ಧ್ರುವದಿಂದ ಧ್ರುವಕ್ಕೆ ಅಳೆದರೆ ಅದರ ವ್ಯಾಸ 9,000 ಕಿ.ಮೀ.ಗೂ ಹೆಚ್ಚು ಕಡಿಮೆ. ಶನಿಯಲ್ಲಿ ಈ ವ್ಯತ್ಯಾಸ ಸುಮಾರು 11,800 ಕಿ.ಮೀ. ಚಿಕ್ಕ ದೂರದರ್ಶಕದಲ್ಲಿ ನೋಡಿದರೂ ಎರಡೂ ಗ್ರಹಗಳು ತುಸು ಚಪ್ಪಟೆಯಾಗಿರುವುದು ತಿಳಿಯುತ್ತದೆ.

ನಮ್ಮ ಭೂಮಿಯ ಸೊಂಟವೂ ಉಬ್ಬಿದೆ. ಆದರೆ 43 ಕಿ.ಮೀ. ಮಾತ್ರ. ಇದರ ಸುಳಿವು ಮೊದಲು ಸಿಕ್ಕಿದ್ದು ಕಯೆನ್‌ಗೆ ಹೋಗಿದ್ದ ರಿಶೆಗೆ. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಅವನ ಲೋಲಕದ ಗಡಿಯಾರ ಸಮಭಾಜಕದ ಬಳಿಯ ಆ ಊರಿನಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ತಿರುಗುವ ಭೂಮಿಯ ನಡು ಉಬ್ಬಿರುವುದರಿಂದ ಅಲ್ಲಿ ಸೆಳೆತ ಕಡಿಮೆ ಎಂದು 1687ರಲ್ಲಿ ನ್ಯೂಟನ್ ವಿವರಿಸಿದ. ಕ್ಯಾಸಿನಿಯ ಮಗ ಒಪ್ಪಲಿಲ್ಲ. ಭೂಮಿ ಧ್ರುವಗಳ ಕಡೆಗೇ ಉದ್ದವಾಗಿದೆ ಎಂದು ವಾದಿಸಿದ. 1735ರಲ್ಲಿ ಪೆರುವಿಗೂ 1736ರಲ್ಲಿ ಲ್ಯಾಪ್‌ಲ್ಯಾಂಡಿಗೂ ಹೊರಟ ಫ್ರೆಂಚ್ ತಂಡಗಳು ನೆಲವನ್ನೇ ಅಳೆದು ನ್ಯೂಟನ್ನನ ಮಾತು ಸರಿ ಎಂದು ತೋರಿಸಿದವು. ಭೂಮಿಯ ಆಕಾರವನ್ನು ಇನ್ನೂ ನಿಖರವಾಗಿ ತಿಳಿಯುವ ಆಸೆಯೇ 1802ರಲ್ಲಿ ಮದರಾಸಿನಿಂದ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ಮಹಾ ಸರ್ವೇಕ್ಷಣೆಯ ಹಿಂದೆಯೂ ಇತ್ತು. ಆ ಅಳತೆಯನ್ನು ತಾಳೆ ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರ ರೇಖೆಯನ್ನು ಅಳೆಯಲಾಯಿತು.

ಬುಧ: ಕಂಡದ್ದು ನಿಜ, ತೀರ್ಮಾನ ಸುಳ್ಳು

ತೊಡಕು ಶುರುವಾಗುವುದು ಬುಧನಿಂದ. ಅದು ಸೂರ್ಯನ ಮಗ್ಗುಲನ್ನು ಬಿಟ್ಟು ದೂರ ಹೋಗುವುದಿಲ್ಲ. ಸಂಜೆಯ ಅಥವಾ ಮುಂಜಾನೆಯ ಮಸುಕಿನಲ್ಲಿ, ದಿಗಂತದ ಹತ್ತಿರ ಕೊಂಚ ಹೊತ್ತು ಕಾಣಿಸಿ ಮರೆಯಾಗುತ್ತದೆ. 1800ರ ಸುಮಾರಿಗೆ ಜರ್ಮನಿಯ ಶ್ರೋಟರ್ ಅದರ ದಿನ 24 ಗಂಟೆಯಷ್ಟು ಎಂದು ಹೇಳಿದ್ದ. ಇಟಲಿಯ ಜಿಯೊವಾನಿ ಸ್ಕಿಯಾಪರೆಲ್ಲಿ ಅದನ್ನು ಒಪ್ಪಲಿಲ್ಲ. ಮಿಲಾನ್ ನಗರದ ವೀಕ್ಷಣಾಲಯದಿಂದ ಆತ ಹಗಲಿನಲ್ಲೇ, ಬುಧ ಆಕಾಶದಲ್ಲಿ ಎತ್ತರದಲ್ಲಿರುವಾಗ, ಏಳು ವರ್ಷಗಳ ಕಾಲ ತಾಳ್ಮೆಯಿಂದ ನೋಡಿ ಚಿತ್ರ ಬರೆದುಕೊಂಡ. ಪ್ರತಿ ಸಲವೂ ಅವೇ ಮಸುಕು ಕಲೆಗಳು ಅವೇ ಜಾಗದಲ್ಲಿ ಕಂಡವು. 1889ರಲ್ಲಿ ಆತ ತೀರ್ಮಾನಕ್ಕೆ ಬಂದ: ಬುಧ ಸೂರ್ಯನನ್ನು ಸುತ್ತುವುದೂ ತನ್ನ ಸುತ್ತ ತಿರುಗುವುದೂ 88 ದಿನಗಳಲ್ಲೇ. ಅಂದರೆ ಚಂದ್ರ ನಮಗೆ ಒಂದೇ ಮುಖ ತೋರಿಸುವಂತೆ ಬುಧ ಸೂರ್ಯನಿಗೆ ಒಂದೇ ಮುಖ ತೋರಿಸುತ್ತದೆ. ಒಂದು ಬದಿಯಲ್ಲಿ ಮುಗಿಯದ ಹಗಲು, ಇನ್ನೊಂದರಲ್ಲಿ ಮುಗಿಯದ ರಾತ್ರಿ.

ಈ ಮಾತು ಮುಕ್ಕಾಲು ಶತಮಾನ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಫ್ರಾನ್ಸಿನ ಮ್ಯೂಡಾನ್‌ನ ದೊಡ್ಡ ದೂರದರ್ಶಕದಿಂದ ನೋಡಿದ ಆಂಟೊನಿಯಾಡಿ 1934ರಲ್ಲಿ ಬುಧನ ಬಗ್ಗೆ ಒಂದು ಪುಸ್ತಕವನ್ನೇ ಬರೆದು 88 ದಿನದ ಲೆಕ್ಕಕ್ಕೆ ಮುದ್ರೆ ಒತ್ತಿದ.

1965ರಲ್ಲಿ ಪೋರ್ಟೊ ರಿಕೊದ ಅರೆಸಿಬೊದಲ್ಲಿ ಗಾರ್ಡನ್ ಪೆಟೆಂಗಿಲ್ ಮತ್ತು ರಾಲ್ಫ್ ಡೈಸ್ ಬುಧನತ್ತ ರೇಡಾರ್ ತರಂಗಗಳನ್ನು ಬಿಟ್ಟು ಪ್ರತಿಧ್ವನಿಯನ್ನು ಹಿಡಿದರು. ಹತ್ತಿರ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿ, ದೂರ ಹೋಗುವಾಗ ಅದೇ ಸಿಳ್ಳು ತಗ್ಗಿ ಕೇಳಿಸುವುದು ಎಲ್ಲರ ಅನುಭವ. ತಿರುಗುವ ಗ್ರಹದ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಮತ್ತೊಂದು ದೂರ ಸರಿಯುತ್ತಿರುತ್ತದೆ. ಆದ್ದರಿಂದ ಮರಳಿ ಬಂದ ತರಂಗ ಸ್ವಲ್ಪ ಹರಡಿಕೊಂಡಿರುತ್ತದೆ. ಹರಡಿಕೆ ಎಷ್ಟೋ ವೇಗ ಅಷ್ಟು. ಹೀಗೆ ಅಳೆದಾಗ ಬುಧನ ಸುತ್ತು 88 ದಿನವಲ್ಲ, ಸುಮಾರು 59 ದಿನ! ಇದು 88ರ ಮೂರನೆಯ ಎರಡು ಭಾಗ ಎಂಬುದನ್ನು ಇಟಲಿಯ ಗಣಿತಜ್ಞ ಜುಸೆಪ್ಪೆ ಕೊಲಂಬೊ ಗಮನಿಸಿದ. ಬುಧ ಸೂರ್ಯನನ್ನು ಎರಡು ಸುತ್ತು ಬರುವಷ್ಟರಲ್ಲಿ ತನ್ನ ಸುತ್ತ ಸರಿಯಾಗಿ ಮೂರು ಸಲ ತಿರುಗುತ್ತದೆ.

ಹಾಗಿದ್ದರೆ ಸ್ಕಿಯಾಪರೆಲ್ಲಿಯಂಥ ನುರಿತ ಕಣ್ಣು ಮೋಸ ಹೋದದ್ದು ಹೇಗೆ? ಯುರೋಪಿನಿಂದ ಬುಧ ಚೆನ್ನಾಗಿ ಕಾಣುವ ಸಂದರ್ಭ ಸುಮಾರು 348 ದಿನಕ್ಕೊಮ್ಮೆ ಮರಳಿ ಬರುತ್ತದೆ. ಬುಧನ ಆರು ಸುತ್ತುಗಳಿಗೆ 352 ದಿನ. 88 ದಿನದ ನಾಲ್ಕು ಸುತ್ತುಗಳಿಗೂ 352 ದಿನವೇ. ಅಂದರೆ ಚೆನ್ನಾಗಿ ಕಂಡಾಗಲೆಲ್ಲ ಅದೇ ಮುಖ ಕಾಣುತ್ತಿತ್ತು. ಅವರು ಬರೆದ ಕಲೆಗಳು ಕಟ್ಟುಕಥೆಯಾಗಿರಲಿಲ್ಲ. ನಡುವೆ ಹೊಂದದ ನೋಟ ಕಂಡಾಗ ಮಾತ್ರ ಅದು ಮಬ್ಬಿನ ದೋಷ, ಬುಧನ ಮೋಡದ ಮುಸುಕು ಎಂದು ಬದಿಗೆ ಸರಿಸಿದ್ದರು.

ಬುಧನ ಮೇಲೆ ಒಂದು ಸೂರ್ಯೋದಯದಿಂದ ಮತ್ತೊಂದಕ್ಕೆ 176 ದಿನ. ಅಲ್ಲಿಯ ವರ್ಷ 88 ದಿನ. ದಿನವೇ ವರ್ಷದ ಎರಡರಷ್ಟು ಉದ್ದ!

ಶುಕ್ರನ ಮುಸುಕು

ಬುಧನಾದರೂ ಮಸುಕಾದ ಕಲೆ ತೋರಿಸಿತ್ತು. ಶುಕ್ರ ಅದನ್ನೂ ತೋರಿಸಲಿಲ್ಲ. ಭೂಮಿಗೆ ಅತಿ ಸಮೀಪ ಬರುವ, ಗಾತ್ರದಲ್ಲಿ ಭೂಮಿಗೆ ಜೊತೆಯಾದ ಈ ಗ್ರಹ ಎಂದೂ ಸರಿಯದ ದಟ್ಟ ಮೋಡದ ಮುಸುಕು ಹೊದ್ದಿದೆ. ಆದರೂ ನೋಡಿದವರೆಲ್ಲ ಏನನ್ನೋ ಕಂಡರು. 1667ರ ಸುಮಾರಿಗೆ ಕ್ಯಾಸಿನಿ ಶುಕ್ರನ ದಿನ 23 ಗಂಟೆಯಷ್ಟು ಎಂದ. 1720ರ ದಶಕದಲ್ಲಿ ರೋಮಿನ ಬಿಯಾಂಕಿನಿ 24 ದಿನ 8 ಗಂಟೆ ಎಂದ. ಶ್ರೋಟರ್ 23 ಗಂಟೆ 21 ನಿಮಿಷ ಎಂದು ನಿಮಿಷದ ಲೆಕ್ಕವನ್ನೂ ಕೊಟ್ಟ. 1890ರಲ್ಲಿ ಸ್ಕಿಯಾಪರೆಲ್ಲಿ 225 ದಿನ ಎಂದ. ಒಂದೇ ಗ್ರಹ, ಉತ್ತರಗಳು ಒಂದು ದಿನದಿಂದ ಏಳೂವರೆ ತಿಂಗಳವರೆಗೆ! ಮಂಗಳ, ಗುರುಗಳಲ್ಲಿ ಅಷ್ಟು ಚೆನ್ನಾಗಿ ಅಳೆದ ಅದೇ ಕ್ಯಾಸಿನಿ ಇಲ್ಲಿ ಎಡವಿದ್ದು ಗಮನಿಸಬೇಕಾದ ಸಂಗತಿ. ಕೊರತೆ ಇದ್ದದ್ದು ಅವನ ಜಾಣ್ಮೆಯಲ್ಲಲ್ಲ, ಶುಕ್ರನ ಮೈಮೇಲಿನ ಗುರುತಿನಲ್ಲಿ.

1961ರಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್ ಕೇಂದ್ರದಿಂದ ಹೊರಟ ರೇಡಾರ್ ತರಂಗ ಶುಕ್ರನನ್ನು ಮುಟ್ಟಿ ಮರಳಿತು. ಮೋಡ ಅದಕ್ಕೆ ಅಡ್ಡಿಯಾಗಲಿಲ್ಲ. 1962ರ ಅವಲೋಕನಗಳಿಂದ ಕಾರ್ಪೆಂಟರ್, ಗೋಲ್ಡ್‌ಸ್ಟೀನ್ ಮೊದಲಾದವರು ಕಂಡುಕೊಂಡದ್ದನ್ನು ನಂಬುವುದು ಸುಲಭವಿರಲಿಲ್ಲ. ಶುಕ್ರ ಅತಿ ನಿಧಾನವಾಗಿ, ಅದೂ ತಿರುವುಮುರುವಾಗಿ ತಿರುಗುತ್ತಿತ್ತು! ನಂತರದ ಅಳತೆಗಳಲ್ಲಿ ಅವಧಿ 243 ದಿನ ಎಂದು ಖಚಿತವಾಯಿತು. ಅದರ ವರ್ಷ 225 ದಿನ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ತಿರುಗಾಟವೂ ಸಾಗಾಟವೂ ಒಂದಕ್ಕೊಂದು ಎದುರಾಗಿರುವುದರಿಂದ ಸೂರ್ಯೋದಯದಿಂದ ಸೂರ್ಯೋದಯಕ್ಕೆ 117 ದಿನ ಸಾಕು. ಶುಕ್ರನ ಸಮಭಾಜಕದ ನೆಲ ಗಂಟೆಗೆ ಆರೂವರೆ ಕಿ.ಮೀ. ವೇಗದಲ್ಲಿ ಸರಿಯುತ್ತದೆ. ಅದು ಬಿರುಸಾಗಿ ನಡೆಯುವ ಮನುಷ್ಯನ ವೇಗ. ಮೇಲಿನ ಮೋಡಗಳು ಮಾತ್ರ ನಾಲ್ಕೇ ದಿನಕ್ಕೆ ಗ್ರಹವನ್ನು ಒಂದು ಸುತ್ತು ಹಾಕುತ್ತವೆ.

ಆ ಭಾರವಾದ ವಾತಾವರಣ ನೆಲವನ್ನೂ ತುಸು ತಳ್ಳುತ್ತದೆ, ತಡೆಯುತ್ತದೆ. ಹಾಗಾಗಿ ಶುಕ್ರನ ಸುತ್ತು ಪ್ರತಿ ಸಲ ಒಂದೇ ಸಮನಾಗಿರುವುದಿಲ್ಲ. 2006ರಿಂದ 2020ರವರೆಗೆ ರೇಡಾರ್‌ನಿಂದ ಅಳೆದ ಜಾನ್-ಲುಕ್ ಮಾರ್ಗೊ ತಂಡ 2021ರಲ್ಲಿ ಪ್ರಕಟಿಸಿದ ಸರಾಸರಿ 243.0226 ದಿನ, ಅದು ಸುಮಾರು 20 ನಿಮಿಷದಷ್ಟು ಹಿಂದುಮುಂದಾಗುತ್ತದೆ. ಇದು ಬರೀ ಕುತೂಹಲದ ಲೆಕ್ಕವಲ್ಲ. ಈ ಅಂಕಿ ಕೊಂಚ ತಪ್ಪಿದರೂ, ಇಂಥ ಕಡೆ ಇಳಿಯಬೇಕೆಂದು ಹೊರಟ ನೌಕೆ ಹತ್ತಾರು ಕಿ.ಮೀ. ಆಚೆ ಇಳಿದೀತು.

ಗುರುತಿಲ್ಲದ ಶನಿ, ಮಲಗಿದ ಯುರೇನಸ್

ಶನಿಯ ಮೇಲೆ ಇರುವುದು ಮೋಡಗಳೇ. ಒಂದೊಂದು ಪಟ್ಟಿ ಒಂದೊಂದು ವೇಗದಲ್ಲಿ ಹರಿಯುತ್ತದೆ. ವಿಲಿಯಂ ಹರ್ಷೆಲ್ 1794ರಲ್ಲಿ ಅದರ ದಿನ 10 ಗಂಟೆ 16 ನಿಮಿಷ ಎಂದ. 1876ರಲ್ಲಿ ಕಾಣಿಸಿಕೊಂಡ ಬಿಳಿ ಕಲೆಯೊಂದರಿಂದ ಅಸಾಫ್ ಹಾಲ್ 10 ಗಂಟೆ 14 ನಿಮಿಷ ಎಂದ. ಇವು ಮೋಡದ ವೇಗಗಳು, ಒಳಗಿನ ಗ್ರಹದ್ದಲ್ಲ. ಗುರುವಿನಲ್ಲಿ ಈ ಸಮಸ್ಯೆಯನ್ನು ರೇಡಿಯೊ ಬಗೆಹರಿಸಿತ್ತು. ಗುರುವಿನ ಕಾಂತಕ್ಷೇತ್ರ ಅಕ್ಷಕ್ಕೆ ಹತ್ತು ಡಿಗ್ರಿಯಷ್ಟು ಓರೆಯಾಗಿರುವುದರಿಂದ ಅದು ತಿರುಗಿದಂತೆಲ್ಲ ರೇಡಿಯೊ ತರಂಗ ಏರಿಳಿಯುತ್ತದೆ. ಶನಿಯ ಕಾಂತಕ್ಷೇತ್ರವೋ ಅಕ್ಷದ ಗುಂಟ ನೆಟ್ಟಗೆ ನಿಂತಿದೆ. ಅಲ್ಲೂ ಗುರುತಿಲ್ಲ! ವಾಯೇಜರ್ ನೌಕೆಗಳು ಹಿಡಿದ ರೇಡಿಯೊ ಮಿಡಿತದಿಂದ 1981ರಲ್ಲಿ 10 ಗಂಟೆ 39 ನಿಮಿಷ ಎಂದು ಹೇಳಲಾಯಿತು. ಅದು 2004ರಲ್ಲಿ ಕ್ಯಾಸಿನಿಯ ಹೆಸರನ್ನೇ ಹೊತ್ತ ನೌಕೆ ಅಳೆದಾಗ ಆರು ನಿಮಿಷ ಬೆಳೆದಿತ್ತು. ಅಷ್ಟು ದೊಡ್ಡ ಗ್ರಹ ಕಾಲು ಶತಮಾನದಲ್ಲಿ ಅಷ್ಟು ನಿಧಾನವಾಗುವುದು ಸಾಧ್ಯವಿಲ್ಲ.

ಉತ್ತರ ಸಿಕ್ಕಿದ್ದು ಬಳೆಗಳಲ್ಲಿ. ಶನಿಯ ಒಡಲು ಗಂಟೆಯಂತೆ ಸದಾ ಕಂಪಿಸುತ್ತಿರುತ್ತದೆ. ನಗಾರಿಯ ಮೇಲೆ ಚೆಲ್ಲಿದ ಹಿಟ್ಟು ಕುಣಿಯುವಂತೆ, ಆ ಕಂಪನ ಬಳೆಗಳ ಕಣಗಳಲ್ಲಿ ಅಲೆ ಎಬ್ಬಿಸುತ್ತದೆ. ಆ ಅಲೆಗಳನ್ನು ಓದಿ ಕ್ರಿಸ್ಟೋಫರ್ ಮ್ಯಾಂಕೊವಿಚ್ ಮತ್ತು ಸಂಗಡಿಗರು 2019ರಲ್ಲಿ ಶನಿಯ ದಿನ 10 ಗಂಟೆ 33 ನಿಮಿಷ 38 ಸೆಕೆಂಡು ಎಂದು ತಿಳಿಸಿದರು. ಆ ಹೊತ್ತಿಗೆ ಕ್ಯಾಸಿನಿ ನೌಕೆ ಶನಿಯೊಳಕ್ಕೆ ಧುಮುಕಿ ಒಂದು ವರ್ಷ ದಾಟಿತ್ತು.

ಯುರೇನಸ್ ಬಹುತೇಕ ಮಗ್ಗುಲಾಗಿ ಮಲಗಿ ಉರುಳುವ ಗ್ರಹ. ಅದರ ಅಕ್ಷದ ಓರೆ 98 ಡಿಗ್ರಿ. 1912ರಿಂದ ಪುಸ್ತಕಗಳಲ್ಲಿ ಅದರ ದಿನ ಸುಮಾರು ಹತ್ತೂಮುಕ್ಕಾಲು ಗಂಟೆ ಎಂದಿತ್ತು. 1986ರ ಜನವರಿಯಲ್ಲಿ ವಾಯೇಜರ್-2 ಹತ್ತಿರ ಹೋದಾಗ ಅದು 17 ಗಂಟೆ 14 ನಿಮಿಷ ಎಂದು ತಿಳಿಯಿತು. ಹಬಲ್ ದೂರದರ್ಶಕ ಹತ್ತು ವರ್ಷಕ್ಕೂ ಹೆಚ್ಚು ಕಾಲ ಯುರೇನಸ್‌ನ ಧ್ರುವಪ್ರಭೆಯನ್ನು ಗಮನಿಸಿದ್ದರಿಂದ 2025ರಲ್ಲಿ ಆ ಲೆಕ್ಕಕ್ಕೆ ಮತ್ತೆ 28 ಸೆಕೆಂಡು ಸೇರಿತು. ನೆಪ್ಚೂನ್‌ಗೆ ಸುಮಾರು 16 ಗಂಟೆ ಎಂಬ ಲೆಕ್ಕ 1989ರಲ್ಲಿ ವಾಯೇಜರ್-2 ಕೊಟ್ಟದ್ದು. ಆಮೇಲೆ ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ.

ನಮ್ಮ 24 ಗಂಟೆ

ಇಷ್ಟೆಲ್ಲ ಆದ ಮೇಲೆ ನಮ್ಮ ದಿನವಾದರೂ ಗಟ್ಟಿಯೇ? ಅದೂ ಅಲ್ಲ. ಚಂದ್ರನ ಸೆಳೆತದಿಂದ ಏಳುವ ಭರತ ಇಳಿತಗಳು ಭೂಮಿಯ ಚಕ್ರಕ್ಕೆ ಮೆಲ್ಲಗೆ ಬ್ರೇಕ್ ಹಾಕುತ್ತಿವೆ. ದಿನ ನೂರು ವರ್ಷಕ್ಕೆ ಒಂದು ಸೆಕೆಂಡಿನ ಸಾವಿರದ ಎರಡು ಪಾಲಿಗಿಂತ ತುಸು ಕಡಿಮೆ ಬೆಳೆಯುತ್ತಿದೆ. 1963ರಲ್ಲಿ ಅಮೆರಿಕದ ಜಾನ್ ವೆಲ್ಸ್, ಕೋಟ್ಯಂತರ ವರ್ಷ ಹಿಂದಿನ ಹವಳದ ಪಳೆಯುಳಿಕೆಗಳ ಮೇಲಿನ ನವಿರಾದ ಗೆರೆಗಳನ್ನು ಎಣಿಸಿದರು. ದಿನಕ್ಕೊಂದು ಗೆರೆಯಂತೆ ವರ್ಷಕ್ಕೆ ಸುಮಾರು 400 ಗೆರೆಗಳಿದ್ದವು. ವರ್ಷದ ಉದ್ದ ಬದಲಾಗಿಲ್ಲವಾದ್ದರಿಂದ ಆಗ ಒಂದು ದಿನಕ್ಕೆ 22 ಗಂಟೆ ಮಾತ್ರ. 1972ರಿಂದ 2016ರವರೆಗೆ ನಮ್ಮ ಗಡಿಯಾರಗಳಿಗೆ 27 ಬಾರಿ ಒಂದೊಂದು ಅಧಿಕ ಸೆಕೆಂಡು ಸೇರಿಸಬೇಕಾಯಿತು. ಅಧಿಕ ಮಾಸ ಗೊತ್ತಿರುವ ನಮಗೆ ಅಧಿಕ ಸೆಕೆಂಡು ಅರ್ಥವಾಗುವುದು ಕಷ್ಟವಲ್ಲ.

ಮನೆಯ ಮಕ್ಕಳು ಗ್ರಹಗಳ ಪಟ್ಟಿಯನ್ನು ಉರು ಹೊಡೆಯುತ್ತಿದ್ದರೆ ಅವರಿಗೆ ಒಂದು ಮಾತು ಹೇಳಬಹುದು. ಬುಧನ ಎದುರು ಇರುವ 59ರ ಜಾಗದಲ್ಲಿ ಅವರ ಅಜ್ಜ ಅಜ್ಜಿಯರು 88 ಎಂದು ಬರೆದು ಪೂರ್ತಿ ಅಂಕ ಪಡೆದಿದ್ದರು. ಅವರಿಗೆ ಕಲಿಸಿದವರು ಸುಳ್ಳು ಹೇಳಲಿಲ್ಲ. ಆಗ ಸಿಕ್ಕಿದ್ದ ಸಾಕ್ಷ್ಯ ಅಷ್ಟೇ ಇತ್ತು. ಹೊಸ ಸಾಕ್ಷ್ಯ ಬಂದ ದಿನ ಪಟ್ಟಿಯನ್ನು ತಿದ್ದಲಾಯಿತು. ನೆಪ್ಚೂನ್‌ನ ಎದುರಿನ ಅಂಕಿ ಇಂದಿಗೂ ಒಂದೇ ನೌಕೆಯ ಒಂದೇ ಭೇಟಿಯನ್ನು ನೆಚ್ಚಿಕೊಂಡಿದೆ. ಅದನ್ನು ತಿದ್ದುವವರು ಈಗ ಯಾವುದೋ ಶಾಲೆಯಲ್ಲಿ ಇದೇ ಪಟ್ಟಿಯನ್ನು ಓದುತ್ತಿದ್ದರೂ ಆಶ್ಚರ್ಯವಿಲ್ಲ.